ಪದಚರ್ಚೆ: ತಾಳವಾದ್ಯದ ‘ಡಿಕೇ’ಗೆ ಇಳಿತವೋ, ಗುಂಗೋ, ಅಡಗೋ?

ಬಲ್ಲವರ ಮುಂದೆ ಒಂದು ಪದದ ತೊಡಕನ್ನು ಇಡುತ್ತಿದ್ದೇನೆ.

ಕಲಬುರಗಿಯ ನಮ್ಮ ಓಣಿಯ ಭಜನಾ ಮೇಳಕ್ಕೆ ಹಳೆಯದೊಂದು ಸಿಂಥಸೈಜರ್ ಮಾಡ್ಯೂಲ್ ಬಂದಿದೆ. ಕೀಲಿಮಣೆ ಇಲ್ಲದ, ದನಿಗಳನ್ನಷ್ಟೇ ಒಡಲಲ್ಲಿ ಇಟ್ಟುಕೊಂಡ ಪೆಟ್ಟಿಗೆ. ಯಮಹಾ ಕಂಪನಿಯ ಎಕ್ಸ್‌ಜಿ ಎಂಬ, ದನಿಗಳನ್ನು ಜೋಡಿಸಿ ತಿದ್ದುವ ಪದ್ಧತಿಯದು. ಅದರ ತಾಳವಾದ್ಯದ ದನಿಗಳನ್ನು ನಮ್ಮ ಹಾಡಿಕೆಗೆ ಒಗ್ಗುವಂತೆ ತಿದ್ದುವುದು ಹೇಗೆಂದು ಮೇಳದ ಹುಡುಗರಿಗಾಗಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಪಿಚ್‌ಗೆ ಶ್ರುತಿ, ಲೆವೆಲ್‌ಗೆ ಮಟ್ಟ, ಪ್ಯಾನ್‌ಗೆ ಎಡಬಲ ಎಂದು ಸಲೀಸಾಗಿ ಸಾಗಿದ ಬರವಣಿಗೆ ‘ಡಿಕೇ’ ಎಂಬಲ್ಲಿ ನಿಂತುಬಿಟ್ಟಿತು. ಪೆಟ್ಟು ಬಿದ್ದ ಮೇಲೆ ದನಿ ತಾನಾಗಿ ಕುಗ್ಗುತ್ತ ಹೋಗುತ್ತದಲ್ಲ, ಅದಕ್ಕೊಂದು ಹೆಸರು ಬೇಕು.

ವಿಜ್ಞಾನದ ಪಠ್ಯಗಳಲ್ಲಿ ‘ಕ್ಷಯ’ ಎಂದಿದೆ. ವಿಕಿರಣಕ್ಕೆ ಅದು ಸಲ್ಲಲಿ. ಆದರೆ ಆ ಪದ ಕಂಡೊಡನೆ ಕಾಯಿಲೆ ನೆನಪಾಗುವವರಿಗೆ ‘ದನಿಯ ಕ್ಷಯ ಹೆಚ್ಚಿಸಿ’ ಎಂದು ಬರೆಯಲು ನನ್ನ ಕೈ ಏಳಲಿಲ್ಲ. ‘ಇಳಿತ’ ಎಂದು ಬರೆದೆ.

ಮೇಳದ ಹಿರಿಯ ತಬಲಾ ವಾದಕರು ಕರಡು ಹಿಡಿದು ಮಾಡ್ಯೂಲಿನ ಮುಂದೆ ಕುಳಿತರು. ಪೆಟ್ಟಿಗೆಗೆ ಕೀಲಿಮಣೆ ಇಲ್ಲದಿದ್ದರೂ ತಾಳವಾದ್ಯದ ಒಂದೊಂದು ದನಿಗೂ ಒಂದೊಂದು ಕೀಲಿಯ ಸಂಖ್ಯೆ ಇದೆ. ಬಾಯಾದ, ಅಂದರೆ ತಬಲಾ ಜೋಡಿಯ ಎಡಗೈ ವಾದ್ಯದ, ಜಾಗದಲ್ಲಿ ನಾವು ಬಳಸುವುದು 64ನೆಯ ಕೀಲಿಯ ತಗ್ಗು ಕಾಂಗಾ ಎಂಬ ಕೈಯಿಂದ ಬಡಿಯುವ ಉದ್ದನೆಯ ಚರ್ಮವಾದ್ಯದ ದನಿ. ‘ಇಳಿತ ಹೆಚ್ಚಿಸಿ’ ಎಂಬ ಸಾಲಿಗೆ ಬಂದವರೇ ನೇರವಾಗಿ ಅದರ ಶ್ರುತಿಯನ್ನು ಎರಡು ಅರ್ಧಸ್ವರ ಕೆಳಗೆ ತಂದರು. ದನಿ ದಪ್ಪವಾಗಿ, ತುಸು ಉದ್ದವೂ ಆಯಿತು. ನನಗೆ ಬೇಕಾಗಿದ್ದುದು ಗಿಡ್ಡ ದನಿ. ‘ಇಳಿಸು ಎಂದರೆ ಸ್ವರ ಇಳಿಸುವುದೇ ಅಲ್ಲವೇ’ ಎಂದರು. ಆಮೇಲೆ ತಮ್ಮ ತಬಲಾ ಎತ್ತಿಕೊಂಡು ತೋರಿಸಿದರು. ಬಾರಿನಡಿ ಸಿಕ್ಕಿಸಿದ ಮರದ ತುಂಡಾದ ಗಟ್ಟವನ್ನು ಸುತ್ತಿಗೆಯಿಂದ ಕೆಳಕ್ಕೆ ತಟ್ಟಿದರೆ ಬಾರು ಬಿಗಿದು ಸ್ವರ ಏರುತ್ತದೆ. ಕೆಳಗಿನಿಂದ ಮೇಲಕ್ಕೆ ತಟ್ಟಿದರೆ ಇಳಿಯುತ್ತದೆ. ಕೈ ಹೋಗುವ ದಿಕ್ಕು ಒಂದು, ಮಾತು ಹೇಳುವ ದಿಕ್ಕು ಇನ್ನೊಂದು. ಅಷ್ಟರ ಮಟ್ಟಿಗೆ ಏರು, ಇಳಿ ಎರಡೂ ಶ್ರುತಿಗೇ ಮೀಸಲಾಗಿವೆ. ವಾದ್ಯ ನುಡಿಸುವವರ ಬಾಯಲ್ಲಿ ಹಾಗೆ ನೆಲೆಯಾದ ಮಾತನ್ನು ಕೈಪಿಡಿಗಾಗಿ ಕಿತ್ತು ಬೇರೆಡೆ ನೆಡುವುದು ಸರಿಯಲ್ಲ. ‘ಇಳಿತ’ವನ್ನು ಹೊಡೆದುಹಾಕಿದೆ.

ಅವರ ಕೈಯನ್ನೇ ನೋಡುತ್ತ ಕುಳಿತಾಗ ಬೇರೆ ಎರಡು ಪದಗಳು ಸಿಕ್ಕವು. ಬಾಯಾದ ಮೇಲೆ ಅಂಗೈಯನ್ನು ಚಪ್ಪಟೆಯಾಗಿ ಹೊಡೆದು ಅಲ್ಲೇ ಇಟ್ಟರೆ ‘ಕತ್’. ಬೆರಳ ತುದಿ ತಾಗಿಸಿ ಎತ್ತಿದರೆ ‘ಗೆ’. ಮೊದಲನೆಯದು ಬಂದ್, ಎರಡನೆಯದು ಖುಲ್ಲಾ. ಮಾಡ್ಯೂಲಿನಲ್ಲಿ 42ನೆಯ ಕೀಲಿ ಮುಚ್ಚಿದ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ಲೋಹದ ತಾಳ), 46 ತೆರೆದದ್ದು. 46 ಮೊಳಗುತ್ತಿರುವಾಗ 42 ಬಿದ್ದರೆ ಮೊದಲಿನದು ಥಟ್ಟನೆ ನಿಲ್ಲುತ್ತದೆ. ಬಾಯಾದ ಮೇಲೆ ಅಂಗೈ ಮಾಡುವ ಕೆಲಸವೇ ಇದು. ಹಾಗಾಗಿ ಅಲ್ಲಿ ಬಂದ್, ಖುಲ್ಲಾ ಎಂದೇ ಬರೆದಿದ್ದೇನೆ. ನಮ್ಮ ಭಾಗದಲ್ಲಿ ಅಂಗಡಿಯ ಬಾಗಿಲಿಗೂ ಇವೇ ಮಾತು. ‘ರಿಲೀಸ್’, ಅಂದರೆ ಕೀಲಿ ಬಿಟ್ಟ ಮೇಲೆ ದನಿ ಕುಗ್ಗುವುದು, ಎಂಬ ಪದ ಮಾತ್ರ ಇಲ್ಲಿ ಕಾಡಲಿಲ್ಲ. ತಾಳವಾದ್ಯದ ಹೆಚ್ಚಿನ ದನಿಗಳು ಕೀಲಿಯಿಂದ ಬೆರಳು ಎತ್ತಿದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆ ‘ಗೆ’ಯ ಹಿಂದೆ ಬಾಲದಂತೆ ಉಳಿಯುವ ನಾದಕ್ಕೆ ಅವರು ‘ಗುಂಗು’ ಎಂದರು. ‘ಗುಂಗು ಬಹಳವಾಯಿತು, ಹಾಡಿನ ಮಾತು ಕೇಳುತ್ತಿಲ್ಲ.’ ಕೇಳಿದೊಡನೆ ನನಗೆ ಹಿಡಿಸಿತು. ಪದದ ಒಳಗೇ ದನಿಯಿದೆ. ಆದರೂ ಅಚ್ಚಿಗೆ ಕೊಡಲು ಅಳುಕು. ‘ಆ ಹಾಡಿನ ಗುಂಗಿನಲ್ಲಿದ್ದೆ’ ಎನ್ನುವಾಗ ಗುಂಗು ಮನಸ್ಸಿನದು, ಚರ್ಮದ್ದಲ್ಲ. ಮರಾಠಿಯ ‘ಗುಂಗ್’ ಎಂದರೂ ಮೈಮರೆತ ಸ್ಥಿತಿಯೇ. ಬಾಯಾದ ಗುಂಗು ಅದೇ ಪದವೇ, ಅಥವಾ ಗುಂಯ್‌ಗುಡುವುದರಿಂದ ಹುಟ್ಟಿದ ನಮ್ಮದೇ ಅನುಕರಣ ಪದವೇ?

ಇನ್ನೊಂದು ಗಂಟು ಯಂತ್ರದ ಕಡೆಯದು. ಎಕ್ಸ್‌ಜಿಯಲ್ಲಿ ತಾಳವಾದ್ಯದ ಪ್ರತಿಯೊಂದು ಕೀಲಿಗೂ ಇರುವುದು ‘ಡಿಕೇ ರೇಟ್’, ಅಂದರೆ ಕುಗ್ಗುವ ವೇಗ. ಅಂಕಿ ಹೆಚ್ಚಿಸಿದರೆ ದನಿ ಗಿಡ್ಡವಾಗುತ್ತದೆ. ಬೇರೆ ಕೆಲವು ಯಂತ್ರಗಳಲ್ಲಿ ‘ಡಿಕೇ ಟೈಮ್’ ಇರುತ್ತದೆ; ಅಲ್ಲಿ ಅಂಕಿ ಹೆಚ್ಚಿದರೆ ದನಿ ಉದ್ದ. ಗುಂಗು ಎಂದು ಬರೆದರೆ ಎರಡನೆಯದಕ್ಕೆ ಸರಿಹೊಂದುತ್ತದೆ, ಮೊದಲನೆಯದಕ್ಕೆ ತಿರುಗಾಮುರುಗಾ ಆಗುತ್ತದೆ. ‘ಸದ್ದಡಗು’ ಎಂಬುದರಿಂದ ಅಡಗು ತೆಗೆದುಕೊಂಡು, ಅಡಗುವ ವೇಗ, ಅಡಗುವ ಹೊತ್ತು ಎಂದರೆ ಎರಡೂ ಯಂತ್ರಕ್ಕೆ ಒಪ್ಪುತ್ತದೆ. ಬಚ್ಚಿಟ್ಟುಕೊಳ್ಳುವ ಅರ್ಥ ನಡುವೆ ಇಣುಕಿದರೂ ಗೊಂದಲವಾಗಲಾರದು ಎಂದು ನನ್ನ ಅನಿಸಿಕೆ.

‘ಅನುರಣನ’ ಬಳಸಿ ಎಂದು ಒಬ್ಬ ಗೆಳೆಯರು ಹೇಳಿದರು. ಅದನ್ನು ನಾನು ರಿವರ್ಬ್‌ಗೆ ಕಾಯ್ದಿರಿಸಿದ್ದೇನೆ. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡಿದವರಿಗೆ ಕಾರಣ ಹೊಳೆಯುತ್ತದೆ. 1367ರ ಆ ಕಟ್ಟಡಕ್ಕೆ ಬಯಲು ಅಂಗಳವಿಲ್ಲ, ಇಡೀ ಹಾಸಿನ ಮೇಲೆ ಚಾವಣಿಯಿದೆ. ಕಮಾನುಗಳಡಿ ಮಾತು ಮುಗಿದ ಮೇಲೂ ದನಿ ಉಳಿಯುತ್ತದೆ. ಅದು ಜಾಗದ ಕೊಡುಗೆ. ಗುಂಗು ವಾದ್ಯದ ಸ್ವಂತದ್ದು. ಇವೆರಡಕ್ಕೂ ಒಂದೇ ಪದವಾದರೆ ಹುಡುಗರು ಒಂದನ್ನು ತಿದ್ದಲು ಹೋಗಿ ಇನ್ನೊಂದನ್ನು ಕೆಡಿಸುತ್ತಾರೆ.

ಬೀದರ್, ಯಾದಗಿರಿ ಕಡೆಯವರಲ್ಲಿ ಒಂದು ಕೋರಿಕೆ. ಹಲಗೆಯವರು ಚರ್ಮವನ್ನು ಬೆಂಕಿಗೆ ಕಾಯಿಸಿ ಬಡಿದಾಗ ಪೆಟ್ಟಿನ ಹಿಂದೆ ಉಳಿಯುವ ನಾದಕ್ಕೆ ಏನೆನ್ನುತ್ತಾರೆ? ಅದು ಥಂಡಿ ಹಿಡಿದು ಬೇಗ ಸತ್ತರೆ ಏನೆನ್ನುತ್ತಾರೆ? ಕೇಳಿ ಬರೆಯಿರಿ. ಸದ್ಯಕ್ಕೆ ಕರಡಿನ ಮೂರನೆಯ ಪುಟದಲ್ಲಿ ‘ಅಡಗುವ ವೇಗ’ ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ‘ಗುಂಗು’ ಎಂದು ಗುರುತು ಹಾಕಿಟ್ಟಿದ್ದೇನೆ.