ದೋಣಿ ಎಂಜಿನ್ ಐಡ್ಲಿಂಗ್‌ನಲ್ಲಿ (ನಿಧಾನವಾಗಿ) ಓಡುವುದಿಲ್ಲ, ಜೋರಾಗಿ ಮಾತ್ರ ಓಡುತ್ತದೆ. ತಲೆ ಕೆಟ್ಟಿದೆ!

ಹುಟ್ಟುಗೋಲು:
ಮೂರು ವಾರದಿಂದ ಈ ಔಟ್‌ಬೋರ್ಡ್ (ದೋಣಿಯ ಹಿಂದೆ ತಗುಲಿಸುವ ಎಂಜಿನ್) ಜೊತೆ ಒದ್ದಾಡುತ್ತಿದ್ದೇನೆ. ಹಗ್ಗ ಎಳೆದು ಎಳೆದು ಭುಜ ಬಿದ್ದುಹೋಗಿದೆ. ಹೇಗೋ ಶುರುವಾದರೂ ಥ್ರಾಟಲ್ ಇಳಿಸಿದ ಕೂಡಲೇ ಕೆಮ್ಮಿ ಆಫ್ ಆಗುತ್ತದೆ. ಪ್ಲಗ್ ಹೊಸದು. ನಿನ್ನೆ ಹುಟ್ಟು ಹಾಕಿಕೊಂಡೇ ದಡ ಸೇರಿದೆ. ಯಾರಾದರೂ ಏನಾದರೂ ಹೇಳಿ.

ಗ್ರೀಸ್‌ಕೈ:
ಕಾರ್ಬ್, ಅಂದರೆ ಪೆಟ್ರೋಲು, ಗಾಳಿ ಬೆರೆಸುವ ಕಾರ್ಬ್ಯುರೇಟರ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಸ್ಲೋ ಜೆಟ್ (ನಿಧಾನಕ್ಕೆ ಓಡುವಾಗ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿಕೊಂಡಿದೆ. ಬಿಚ್ಚಿ, ತೊಳೆದು, ಗಾಳಿ ಹೊಡೆಯಿರಿ.

ಹುಟ್ಟುಗೋಲು:
ಎರಡು ಸಲ ತೊಳೆದಾಯಿತು ಸಾರ್.

ಗ್ರೀಸ್‌ಕೈ:
ಮೂರನೇ ಸಲ ತೊಳೆಯಿರಿ. ಜೆಟ್‌ಗೆ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ.

ನೀರುಕಾಗೆ:
ಎಷ್ಟು ಎಚ್‌ಪಿ, ಎಷ್ಟು ಸಿಲಿಂಡರ್, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಎಷ್ಟು? ಇದೊಂದೂ ಹೇಳದಿದ್ದರೆ ನಾವೇನು ಕಣಿ ಹೇಳುವುದಾ?

ಹುಟ್ಟುಗೋಲು:
15 ಎಚ್‌ಪಿ, ಎರಡು ಸಿಲಿಂಡರ್, ಹಳೇದು. ಕಂಪ್ರೆಷನ್ ಎರಡರಲ್ಲೂ 110 ಪಿಎಸ್‌ಐ. ಕಾರ್ಬ್ ಬಾಯಿಂದ ಪೆಟ್ರೋಲ್ ಸಣ್ಣಗೆ ಹೊರಗೆ ಸಿಡಿಯುತ್ತದೆ. ಟೂ-ಸ್ಟ್ರೋಕ್ ಅಲ್ವಾ, ಸ್ವಲ್ಪ ಉಗುಳುವುದು ಮಾಮೂಲು ಅಂದುಕೊಂಡಿದ್ದೆ.

ನೀರುಕಾಗೆ:
ಇದನ್ನು ಮೊದಲೇ ಹೇಳಬಾರದಿತ್ತಾ! ರೀಡ್ ವಾಲ್ವ್ ನೋಡಿ, ಕಾರ್ಬ್ ಹಿಂದೆ ಒಂದೇ ಕಡೆಗೆ ತೆರೆಯುವ ತೆಳು ಪಟ್ಟಿಗಳು. ಪಿಸ್ಟನ್ ಮೇಲೆ ಹೋದಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸ್ ಎಳೆತಕ್ಕೆ ರೀಡ್ ತೆರೆದು ಪೆಟ್ರೋಲು, ಗಾಳಿ ಒಳಗೆ ಬರುತ್ತದೆ. ಕೆಳಗೆ ಬಂದಾಗ ರೀಡ್ ಮುಚ್ಚಬೇಕು. ಮುಚ್ಚದಿದ್ದರೆ ಒಳಗೆ ಬಂದದ್ದು ಕಾರ್ಬ್ ಕಡೆಗೇ ವಾಪಸ್. ನಿಧಾನವಾಗಿ ಓಡುವಾಗ ಸೋರುವುದಕ್ಕೆ ಟೈಮ್ ಜಾಸ್ತಿ, ಅದಕ್ಕೇ ಸ್ಲೋದಲ್ಲಿ ಸಾಯುತ್ತದೆ. ಕಾರ್ಬ್ ಬಾಯಿ ಮುಂದೆ ಬಿಳಿ ಕಾಗದ ಹಿಡಿದು ನೋಡಿ. ಕೈ ತಿರುಗುವ ಫ್ಲೈವೀಲ್‌ನಿಂದ ದೂರ ಇರಲಿ.

ಎರಡುಸ್ಟ್ರೋಕ್:
ಪೆಟ್ರೋಲ್‌ಗೆ ಆಯಿಲ್ ಎಷ್ಟು ಹಾಕುತ್ತೀರಿ? 50:1 (50 ಪಾಲು ಪೆಟ್ರೋಲ್‌ಗೆ 1 ಪಾಲು ಆಯಿಲ್) ಆದರೆ ಅದೇ ತಪ್ಪು. ನಾನು ಎಲ್ಲಾ ಎಂಜಿನ್‌ಗೂ 24:1, ಅದಕ್ಕಿಂತ ತೆಳು ಮಾಡಿಲ್ಲ.

ಗ್ರೀಸ್‌ಕೈ:
ನಿಮ್ಮ ದೋಣಿ ಎಲ್ಲಿದೆ ಅಂತ ಹೊಗೆ ನೋಡಿಯೇ ಗೊತ್ತಾಗುತ್ತಿರಬೇಕು. ಮ್ಯಾನುಯಲ್‌ನಲ್ಲಿ ಇರುವಷ್ಟು ಹಾಕಿ ಸಾಕು.

ಎರಡುಸ್ಟ್ರೋಕ್:
ನನ್ನ ಯಮಹಾ ಎಂಡ್ಯೂರೊ 40ಕ್ಕೆ ಕಾರ್ಬನ್ ಫೈಬರ್ ರೀಡ್, ಸ್ಟೇನ್‌ಲೆಸ್ ಪ್ರೊಪೆಲ್ಲರ್. ಎರಡನೇ ಎಳೆತಕ್ಕೆ ಸ್ಟಾರ್ಟ್. ಫೋಟೋ ಹಾಕಲಾ?

ನೀರುಕಾಗೆ:
ಬೇಡ.

ಹುಟ್ಟುಗೋಲು:
ಕಾಗದ ಒದ್ದೆಯಾಯಿತು. ಬಿಚ್ಚಿದೆ. ಮೇಲಿನ ಸಿಲಿಂಡರ್ ಕಡೆಯ ಎರಡು ರೀಡ್ ಸೀಟಿನಿಂದ ಎದ್ದು ನಿಂತಿವೆ. 0.6 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ಹೋಗುತ್ತದೆ. ಒಂದರ ಮೂಲೆ ಮುರಿದಿದೆ. ಹೋದ ವರ್ಷ ಬಗ್ಗಿದ್ದವು ಅಂತ ನಾನೇ ಉಲ್ಟಾ ತಿರುಗಿಸಿ ಹಾಕಿದ್ದೆ. ಹೇಳುವಂಥ ವಿಷಯ ಅಂತ ಅನ್ನಿಸಲಿಲ್ಲ.

ನೀರುಕಾಗೆ:
ದೇವರೇ. ಬಳಸಿದ ಸ್ಟೀಲ್ ರೀಡ್ ಯಾವತ್ತೂ ತಿರುಗಿಸಿ ಹಾಕಬಾರದು. ಬಗ್ಗಿ ಬಗ್ಗಿ ದಣಿದಿರುತ್ತದೆ, ಈಗ ಉಲ್ಟಾ ಬಗ್ಗಿಸಿದರೆ ಮುರಿಯುತ್ತದೆ. ಎಷ್ಟೋ ಮ್ಯಾನುಯಲ್‌ಗಳಲ್ಲಿ ಸಂದಿನ ಮಿತಿ 0.2 ಮಿ.ಮೀ. ಆಸುಪಾಸು. ಪೂರ್ತಿ ಸೆಟ್ ಬದಲಿಸಿ. ಸ್ಟಾಪರ್ (ರೀಡ್ ಹೆಚ್ಚು ತೆರೆಯದಂತೆ ತಡೆಯುವ ತಟ್ಟೆ) ಎತ್ತರ ಅಳೆದೇ ಕೂರಿಸಿ. ಜಾಸ್ತಿಯಾದರೆ ರೀಡ್ ಮುರಿಯುತ್ತದೆ, ಕಮ್ಮಿಯಾದರೆ ಜೋರಿನಲ್ಲಿ ಉಸಿರು ಕಟ್ಟುತ್ತದೆ. ಗ್ಯಾಸ್ಕೆಟ್ ಹೊಸದು ಹಾಕಿ. ಸ್ಕ್ರೂಗಳಿಗೆ ಥ್ರೆಡ್‌ಲಾಕರ್ ಅಂಟು ಬೇಕೇ ಬೇಕು, ಒಂದು ಕಳಚಿದರೂ ನೇರ ಕ್ರ್ಯಾಂಕ್‌ಗೆ ಬೀಳುತ್ತದೆ. ಅದಿರಲಿ, ಮುರಿದ ಚೂರು ಎಲ್ಲಿ?

ಗ್ರೀಸ್‌ಕೈ:
ರೀಡ್ ಇರಬಹುದು. ಆದರೂ ಕಾರ್ಬ್ ಒಂದು ಸಲ ತೊಳೆದರೆ ನಷ್ಟವಿಲ್ಲ.

ಹುಟ್ಟುಗೋಲು:
ಚೂರು ಸಿಕ್ಕಿಲ್ಲ. ಮ್ಯಾಗ್ನೆಟ್ ಹಾಕಿಯೂ ನೋಡಿದೆ.

ಎರಡುಸ್ಟ್ರೋಕ್:
ರೀಡ್ ಸ್ಟೇನ್‌ಲೆಸ್ ಆಗಿದ್ದರೆ ಮ್ಯಾಗ್ನೆಟ್ ಹಿಡಿಯುವುದಿಲ್ಲ ಬಾಸ್.

ಗ್ರೀಸ್‌ಕೈ:
ಎಲ್ಲಾ ಸ್ಟೇನ್‌ಲೆಸ್ ಹಾಗಲ್ಲ. ಅಡುಗೆಮನೆ ಚಾಕುವಿಗೆ ಹಿಡಿದು ನೋಡಿ.

ಎರಡುಸ್ಟ್ರೋಕ್:
ನನ್ನ ಪ್ರೊಪೆಲ್ಲರ್‌ಗೆ ಹಿಡಿಯುವುದಿಲ್ಲ.

ನೀರುಕಾಗೆ:
ಇಬ್ಬರೂ ಸ್ವಲ್ಪ ಸುಮ್ನಿರಿ. ಹುಟ್ಟುಗೋಲು ಅವರೇ, ಚೂರು ಕ್ರ್ಯಾಂಕ್‌ಕೇಸ್‌ನಲ್ಲೇ ಇದ್ದರೆ ಬೇರಿಂಗ್ ತಿನ್ನುತ್ತದೆ. ಟ್ರಾನ್ಸ್‌ಫರ್ ಪೋರ್ಟ್ (ಅಲ್ಲಿಂದ ಮೇಲಕ್ಕೆ ಹೋಗುವ ದಾರಿ) ದಾಟಿ ಸಿಲಿಂಡರ್‌ಗೆ ಹೋದರೆ ಪಿಸ್ಟನ್ ಗೀರುತ್ತದೆ. ಹುಡುಕದೆ ಜೋಡಿಸಬೇಡಿ.

ಹುಟ್ಟುಗೋಲು:
ಹೊಸ ರೀಡ್ ಬಂತು, ಹಾಕಿದೆ. ಐಡ್ಲಿಂಗ್ ಸರಿಹೋಯಿತು! ಅರ್ಧ ಗಂಟೆಯಿಂದ ಓಡುತ್ತಿದೆ. ಎಲ್ಲರಿಗೂ ಥ್ಯಾಂಕ್ಸ್. ಚೂರು ಮಾತ್ರ ಸಿಗಲಿಲ್ಲ. ಒಳಗೆಲ್ಲೋ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರುತ್ತಿದೆ, ಅದು ಮೊದಲಿನಿಂದಲೂ ಇತ್ತು. ಅದು ಬೇರೆ ವಿಷಯ ಅಲ್ವಾ?

ನೀರುಕಾಗೆ:
ಆಫ್ ಮಾಡಿ. ಈಗಲೇ.

ಗ್ರೀಸ್‌ಕೈ:
ಯಾವ ಕಡೆಯಿಂದ ಸದ್ದು? ಕಾರ್ಬ್ ಕಡೆಯಿಂದಾ?