ಚೌಕಾಬಾರದ ಗರ ಮತ್ತು ಅಜ್ಜಿಯ ದೂರು: ಇದರಲ್ಲಿ ಸಂಶೋಧನೆ ಎಲ್ಲಿದೆ?

ಪ್ರಶ್ನೆ (ಎಂಸಿಎ ವಿದ್ಯಾರ್ಥಿ, ದಾವಣಗೆರೆ)

ಮಾನ್ಯರೇ, ಕೊನೆಯ ವರ್ಷದ ಪ್ರಾಜೆಕ್ಟ್‌ಗಾಗಿ ಬೀಜ ಎಸೆದು ಕಾಯಿ ನಡೆಸುವ ಚೌಕಾಬಾರವನ್ನು ಮೊಬೈಲ್ ಆಟವಾಗಿ ರೂಪಿಸಿದ್ದೇನೆ. ಐದೈದು ಮನೆಗಳ ಹಾಸು, ತಲಾ ನಾಲ್ಕು ಕಾಯಿ, ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟಳೆ, ಎಲ್ಲವೂ ಸರಿಯಾಗಿ ನಡೆಯುತ್ತಿವೆ. ಆದರೆ ಮಾರ್ಗದರ್ಶಕರು "ಆಟವೇನೋ ಚೆನ್ನಾಗಿದೆ, ಸಂಶೋಧನೆ ಎಲ್ಲಿ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಕಳೆದ ವಾರ ಭರಮಸಾಗರದಲ್ಲಿ ಅಜ್ಜಿಯ ಕೈಗೆ ಫೋನ್ ಕೊಟ್ಟೆ. ಹತ್ತು ನಿಮಿಷ ಆಡಿ, "ಈ ಫೋನು ಚೌಕಾನೇ ಹಾಕಲ್ಲ ಕಣಪ್ಪ, ಮೋಸ ಮಾಡ್ತೈತೆ" ಎಂದು ಅದನ್ನು ಬದಿಗಿಟ್ಟು, ಒಂದು ಮಗ್ಗುಲು ತೇಯ್ದ ತನ್ನ ನಾಲ್ಕು ಹುಣಸೆ ಬೀಜಗಳನ್ನು ತೆಗೆದಳು. ನನ್ನ ಕೋಡಿನಲ್ಲಿ ಪ್ರತಿ ಬೀಜವೂ ಬಿಳಿಯಾಗಿ ಇಲ್ಲವೇ ಕಪ್ಪಾಗಿ ಬೀಳುವ ಸಾಧ್ಯತೆ ಸಮವಾಗಿದೆ. ಈ ದೂರನ್ನೇ ಅಧ್ಯಯನದ ವಿಷಯವಾಗಿಸಲು ಸಾಧ್ಯವೇ?

ಉತ್ತರ 1 (ಸಂಖ್ಯಾಶಾಸ್ತ್ರದ ಅಧ್ಯಾಪಕ)

ನಿಮ್ಮ ಅಜ್ಜಿಯವರ ಮಾತು ಲೆಕ್ಕದ ಪ್ರಕಾರವೇ ಸರಿಯಿರಬಹುದು. ಸಮ ಸಾಧ್ಯತೆಯಿದ್ದರೆ ನಾಲ್ಕೂ ಬಿಳಿಯಾಗಿ ಚೌಕ ಬೀಳುವುದು 16ರಲ್ಲಿ ಒಂದು ಸಲ. ನಾಲ್ಕೂ ಕಪ್ಪಾಗಿ ಬಾರ, ಅಂದರೆ ಎಂಟು, ಬೀಳುವುದೂ ಅಷ್ಟೇ. ಆದರೆ ತೇಯ್ದ ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಉಬ್ಬು; ಇಂಥ ಬೀಜ ನಾಣ್ಯದಂತೆ ಬೀಳಬೇಕೆಂದಿಲ್ಲ. ಬಿಳಿ ಮೇಲಾಗುವ ಸಾಧ್ಯತೆ 0.6 ಎಂದು ಊಹಿಸಿಕೊಳ್ಳಿ. ಆಗ ಚೌಕ ನೂರಕ್ಕೆ ಸುಮಾರು 13 ಸಲ ಬೀಳುತ್ತದೆ, ಬಾರ ಎರಡೂವರೆ ಸಲಕ್ಕೆ ಇಳಿಯುತ್ತದೆ. ನಿಮ್ಮ ಫೋನಿನಲ್ಲಿ ಎರಡೂ ಆರು ಚಿಲ್ಲರೆ. ಚೌಕಕ್ಕೆ ಮರುಗರವೂ (ಮತ್ತೊಮ್ಮೆ ಎಸೆಯುವ ಅವಕಾಶ) ಇರುವುದರಿಂದ ಈ ವ್ಯತ್ಯಾಸ ಆಟದ ಓಟವನ್ನೇ ಬದಲಿಸುತ್ತದೆ. ಕಂಪ್ಯೂಟರಿನ ಎರಡು ಆಟಗಾರರನ್ನು ಪರಸ್ಪರ ಎದುರಿಟ್ಟು, ಎರಡು ಬಗೆಯ ಗರದಲ್ಲೂ ಹತ್ತು ಸಾವಿರ ಆಟ ಆಡಿಸಿ, ಮೊದಲ ಕಾಯಿ ಹಣ್ಣಾಗಲು (ನಡುಮನೆ ಸೇರಲು) ಎಷ್ಟು ಸರದಿ ಹಿಡಿಯುತ್ತದೆಂದು ಹೋಲಿಸಿ.

ಉತ್ತರ 2 (ಆಟ ವಿನ್ಯಾಸಕಿ, ಮೂಲತಃ ಚಿತ್ರದುರ್ಗದವರು)

ಮೇಲಿನ ಲೆಕ್ಕ ಒಪ್ಪುವಂಥದ್ದೇ, ಆದರೆ ಅದೊಂದೇ ಸಾಲದು. 2004ರಲ್ಲಿ ರಾಬಿನ್ ಹ್ಯೂನಿಕಿ, ಮಾರ್ಕ್ ಲೆಬ್ಲಾಂಕ್ ಮತ್ತು ರಾಬರ್ಟ್ ಝುಬೆಕ್ ಎಂಡಿಎ (ಮೆಕಾನಿಕ್ಸ್, ಡೈನಾಮಿಕ್ಸ್, ಎಸ್ತೆಟಿಕ್ಸ್) ಎಂಬ ಚೌಕಟ್ಟನ್ನು ಮುಂದಿಟ್ಟರು. ಅದರ ಪ್ರಕಾರ ವಿನ್ಯಾಸಕ ಕಟ್ಟಳೆಗಳ ಕಡೆಯಿಂದ ಆಟವನ್ನು ನೋಡುತ್ತಾನೆ, ಆಟಗಾರ ಅನುಭವದ ಕಡೆಯಿಂದ ನೋಡುತ್ತಾನೆ. ಕಟ್ಟಳೆಗಳು ಆಡುವಾಗ ತಳೆಯುವ ನಡೆ ಇವೆರಡರ ನಡುವೆ ಇರುತ್ತದೆ. ನೀವು ಒಂದು ತುದಿಯಲ್ಲಿದ್ದೀರಿ, ಅಜ್ಜಿ ಇನ್ನೊಂದು ತುದಿಯಲ್ಲಿದ್ದಾರೆ. ಸಿವಿಲೈಸೇಶನ್ ಆಟದ ವಿನ್ಯಾಸಕ ಸಿಡ್ ಮೇಯರ್ 2010ರ ಉಪನ್ಯಾಸವೊಂದರಲ್ಲಿ, ಮೂರಕ್ಕೆ ಒಂದರ ಅನುಕೂಲವಿದ್ದೂ ಸೋತರೆ ಆಟಗಾರರು ಅದನ್ನು ಅನ್ಯಾಯವೆಂದೇ ಭಾವಿಸುತ್ತಾರೆ ಎಂದು ವಿವರಿಸಿದ್ದರು. ಹೀಗಾಗಿ ಲೆಕ್ಕ ಸರಿಯಿದ್ದರೂ ದೂರು ಉಳಿಯಬಹುದು. ಕೈಯಲ್ಲಿ ಕುಲುಕಿ ಎಸೆದ ಬೀಜಕ್ಕೆ ಎಸೆದವರೇ ಹೊಣೆ. ಗುಂಡಿ ಒತ್ತಿದಾಗ ಬರುವ ಅಂಕಿಗೆ ಹೊಣೆ ಯಾರು?

ಆದ್ದರಿಂದ ಆಟದ ಎರಡು ಆವೃತ್ತಿಗಳನ್ನು ಮಾಡಿ: ಒಂದರಲ್ಲಿ ಸಮ ಸಾಧ್ಯತೆ, ಇನ್ನೊಂದರಲ್ಲಿ ಅಜ್ಜಿಯ ಬೀಜಗಳಿಂದ ಅಳೆದ ಸಾಧ್ಯತೆ. ಬಣ್ಣ, ಸದ್ದು, ವೇಗ ಎಲ್ಲವೂ ಒಂದೇ ಇರಲಿ. ಯಾವುದು ಯಾವುದೆಂದು ಹೇಳದೆ, ಅರ್ಧ ಜನರಿಗೆ ಮೊದಲು ಇದನ್ನೂ ಉಳಿದರ್ಧಕ್ಕೆ ಮೊದಲು ಅದನ್ನೂ ಕೊಟ್ಟು, ಯಾವುದು ನಂಬಿಕೆಗೆ ಅರ್ಹವೆನಿಸಿತೆಂದು ಕೇಳಿ. ಎರಡರ ಮೇಲೂ ಸಮನಾಗಿ ಗೊಣಗಿದರೆ, ತೊಡಕಿರುವುದು ಅಂಕಿಯಲ್ಲಲ್ಲ, ಕೈಯಲ್ಲಿ ಎಂದು ಊಹಿಸಬಹುದು. ಆಗ ಫೋನನ್ನೇ ಕುಲುಕಿ ಎಸೆಯುವ ಮೂರನೆಯ ಆವೃತ್ತಿಗೆ ಕಾರಣ ಸಿಗುತ್ತದೆ. ನನ್ನ ಒಲವು ಈ ಕಡೆಗೇ.

ಉತ್ತರ 1 (ಮತ್ತೆ)

ಎಣಿಕೆಯ ಬಗ್ಗೆ ಒಂದು ಎಚ್ಚರಿಕೆ. ನಾಲ್ಕು ಬೀಜಗಳು ಒಂದೇ ತೆರನಾಗಿರುವುದಿಲ್ಲ. ಅಂಚಿನಲ್ಲಿ ಗುರುತು ಹಾಕಿ ಬೇರೆ ಬೇರೆಯಾಗಿ ದಾಖಲಿಸಿ. ನೂರು ಎಸೆತಗಳಲ್ಲಿ ಸಿಕ್ಕ ಪ್ರಮಾಣ ಶೇಕಡಾ 10ರಷ್ಟು ಆಚೀಚೆ ಇರಬಹುದು, ನಾನೂರಾದರೆ 5ಕ್ಕೆ ಇಳಿಯುತ್ತದೆ. ಚಾಪೆಯ ಮೇಲೆ ಬಿದ್ದ ಬೀಜಕ್ಕೂ ಕಡಪ ಕಲ್ಲಿನ ಮೇಲೆ ಪುಟಿದ ಬೀಜಕ್ಕೂ ವ್ಯತ್ಯಾಸ ಇರಬಹುದಾದ್ದರಿಂದ ನೆಲವನ್ನು ಬದಲಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಬೀಜಗಳನ್ನು ದಾವಣಗೆರೆಗೆ ಒಯ್ಯಲು ಅಜ್ಜಿ ಒಪ್ಪುತ್ತಿಲ್ಲ, ಗುರುತು ಹಾಕುವುದಕ್ಕಂತೂ ಸುತರಾಂ ಇಲ್ಲ. ಹಾಗಾಗಿ ಭಾನುವಾರ ಅಲ್ಲಿನ ಪಡಸಾಲೆಯಲ್ಲೇ, ಅವಳು ಯಾವಾಗಲೂ ಆಡುವ ಚಾಪೆಯ ಮೇಲೆ, ಅವಳಿಂದಲೇ ನಾನೂರು ಸಲ ಎಸೆಸಿ, ಪ್ರತಿ ಎಸೆತದ ಫೋಟೋ ತೆಗೆದು, ಬೀಜದ ಆಕಾರ ನೋಡಿ ಗುರುತಿಸಿಕೊಳ್ಳುತ್ತೇನೆ.