ಬೈಗುಳಕ್ಕೆ ಹೆದರಿ ಸೈಕಲ್ ಬಿಟ್ಟ ಮಗಳು

ಪ್ರಶ್ನೆ (ವಿಜಯಪುರದ ತಾಯಿ):
ಮಗಳು ಒಂಬತ್ತನೇ ತರಗತಿ. ಎರಡು ವರ್ಷದಿಂದ ಸೈಕ್ಲಿಂಗ್ ಕಲಿಯುತ್ತಿದ್ದಾಳೆ. ನಾನು ಏಳುವ ಮೊದಲೇ ಟೈರಿಗೆ ಗಾಳಿ ಹೊಡೆದು ಬಾಗಿಲಲ್ಲಿ ನಿಂತಿರುತ್ತಿದ್ದ ಹುಡುಗಿ, ಈಗ ಮೂರು ವಾರದಿಂದ ಸೈಕಲ್ ಮುಟ್ಟಿಲ್ಲ. ಹೊಸ ಕೋಚ್ ಪ್ರತಿ ಶನಿವಾರ ಎಲ್ಲರ ಸಮಯ ಓದಿ, ಕೊನೆಗೆ ಬಂದವರನ್ನು ಎದುರಿಗೆ ನಿಲ್ಲಿಸುತ್ತಾರಂತೆ. "ನೀನು ರೊಟ್ಟಿ ಬಡಿಯುವುದಕ್ಕೇ ಲಾಯಕ್ಕು" ಎಂದರಂತೆ. ಅವರ ಕೈಯಲ್ಲಿ ಕಲಿತವರು ಪದಕ ತಂದದ್ದೂ ಸುಳ್ಳಲ್ಲ. ಹೋಗಿ ಮಾತನಾಡಲೇ, ಬಿಡಿಸಿಬಿಡಲೇ?

ಉತ್ತರ 1 (ನಿವೃತ್ತ ದೈಹಿಕ ಶಿಕ್ಷಕ, ಬಾಗಲಕೋಟೆ):
ತಂಗೀ, ನಾನೂ ಬೈದವನೇ. ತಾಲ್ಲೂಕು ಕ್ರೀಡಾಕೂಟದ ರಿಲೇಯಲ್ಲಿ ಒಬ್ಬ ಹುಡುಗ ಬ್ಯಾಟನ್ ಬೀಳಿಸಿದ. ಎಲ್ಲರೆದುರು ಝಾಡಿಸಿದೆ. ಮೈದಾನಕ್ಕೆ ಬರುವುದನ್ನೇನೂ ಅವನು ಬಿಡಲಿಲ್ಲ. ಆದರೆ ಆಮೇಲೆ ಬ್ಯಾಟನ್ ಪಡೆಯುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದ. ಮತ್ತೆ ಬೀಳಿಸಿದ. ಬೀಳದೆ ಏನು ಮಾಡೀತು?

ಅಮೆರಿಕದಲ್ಲಿ ಸ್ಮಿತ್ ಮತ್ತು ಸ್ಮೋಲ್ ಎಂಬ ಮನಃಶಾಸ್ತ್ರಜ್ಞರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ತರಬೇತಿ ಕೊಟ್ಟರು. ತಪ್ಪಾದಾಗ ಮೊದಲು ಧೈರ್ಯ ಹೇಳಿ, ಆಮೇಲೆ ತಿದ್ದಿ, ಪ್ರಯತ್ನವನ್ನು ಗುರುತಿಸಿ ಎಂದು. 1992ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆ ಕೋಚ್‌ಗಳ ಮಕ್ಕಳಲ್ಲಿ ಮುಂದಿನ ವರ್ಷ ಆಟ ಬಿಟ್ಟವರು ಶೇ 5. ಉಳಿದವರ ಕೈಕೆಳಗೆ ಶೇ 26. ಅವರು ನಿಮ್ಮ ಮಗಳಿಗಿಂತ ಚಿಕ್ಕವರು, ನಿಜ. ಹದಿನಾಲ್ಕರ ವಯಸ್ಸಿಗೆ ಗೆಳತಿಯರೆದುರು ಆಗುವ ಅವಮಾನ ಇನ್ನೂ ಹೆಚ್ಚೇ ಚುಚ್ಚುತ್ತದೆ ಎಂಬುದು ನನ್ನ ಅನುಭವ.

ಹೋಗಿ ಮಾತನಾಡಿ. "ಬೈಯಬೇಡಿ" ಎಂದರೆ ಅವರು ಸೆಟೆದುಕೊಳ್ಳುತ್ತಾರೆ. "ಹೋದ ವಾರಕ್ಕಿಂತ ಇವಳು ಎಷ್ಟು ಸೆಕೆಂಡ್ ಇಳಿಸಿದ್ದಾಳೆ, ಅದನ್ನೂ ಓದಿ ಸರ್" ಎಂದು ಕೇಳಿ.

ಉತ್ತರ 2 (ಹಿಂದೆ ಸೈಕಲ್ ಸ್ಪರ್ಧೆಗಿಳಿಯುತ್ತಿದ್ದವಳು, ಜಮಖಂಡಿ):
ಅಕ್ಕಾ, ನಮ್ಮ ಸರ್ ಬಾಯಿ ಇನ್ನೂ ಕೆಟ್ಟದು. ಆದರೂ ನಾನು ಬಿಡಲಿಲ್ಲ. ಬೈದ ದಿನವೇ ಸಂಜೆ ಪಾನಾ ಹಿಡಿದು ಬಂದು, ಪೆಡಲ್ ಕೆಳಗಿದ್ದಾಗ ಮೊಣಕಾಲು ಎಷ್ಟು ಮಡಚುತ್ತದೆ ಎಂದು ನೋಡಿ ಸೀಟು ಎತ್ತರಿಸಿಕೊಡುತ್ತಿದ್ದರು. ನಿಮ್ಮ ಮಗಳ ಸೈಕಲನ್ನು ಆ ಕೋಚ್ ಒಮ್ಮೆಯಾದರೂ ಮುಟ್ಟಿ ನೋಡಿದ್ದಾರೆಯೇ?

ಪ್ರಶ್ನೆ ಕೇಳಿದವರು:
ಈಗಷ್ಟೇ ಅವಳನ್ನು ಸೈಕಲ್ ಮೇಲೆ ಕೂರಿಸಿ ನೋಡಿದೆ. ಸೀಟು ಕೊಂಡ ದಿನ ಇದ್ದಷ್ಟೇ ಎತ್ತರದಲ್ಲಿದೆ. ಹುಡುಗಿ ಅಷ್ಟರಲ್ಲಿ ನನ್ನ ಕಿವಿಯವರೆಗೆ ಬೆಳೆದಿದ್ದಾಳೆ. ನಾನೂ ನೋಡಿರಲಿಲ್ಲ. ಶನಿವಾರ ಪಾನಾ ತೆಗೆದುಕೊಂಡೇ ಹೋಗುತ್ತೇನೆ.